ವಿಡಿಯೋ ಆಟಗಳ ವಿಸ್ತರಣೆಗಳು: ಒಂದು ವಿಮರ್ಶೆ

ವಿಡಿಯೋ ಆಟಗಳ ಪ್ರಕಾಶಕರು ಸಿದ್ಧಪಡಿಸಿದ ಭಾಗಗಳನ್ನು ತಡೆಹಿಡಿದು, ಅವನ್ನೇ ವಿಸ್ತರಣೆಗಳೆಂದು ಬೇರೆ ಬೆಲೆಗೆ ಮಾರುವರೆಂಬ ಆಕ್ಷೇಪವು ವಿಚಾರಾರ್ಹವಾದುದು. ಕೆಲಸದಲ್ಲಿ ಒಂದಂಶವನ್ನು ಉಳಿಸಿಕೊಳ್ಳುವುದೇ ದೋಷವಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ವಿಗ್ರಹದ ನೇತ್ರೋನ್ಮೀಲನವನ್ನು ಕಡೆಗೆ ಉಳಿಸುವುದು ಶಿಲ್ಪಸಂಪ್ರದಾಯ. ಆದರೆ ಆ ಬಾಕಿಯು ವಿಗ್ರಹ ಮಾಡಿಸುವವನಿಗೆ ಮೊದಲೇ ತಿಳಿದಿರುತ್ತದೆ.

೨೦೧೨ರ ಮಾರ್ಚ್ ತಿಂಗಳಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ಹೊರತಂದ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕೆನ್' ಆಟದ ಸ್ಥಿತಿ ಹೀಗಿರಲಿಲ್ಲ. ಕೊಂಡವರ ಕೈಸೇರಿದ ಡಿಸ್ಕಿನಲ್ಲಿಯೇ ೧೨ ಪಾತ್ರಗಳು ಬೀಗದೊಳಗಿದ್ದವು. ಅದೇ ವರ್ಷ ಅವು ಪ್ರತ್ಯೇಕವಾಗಿ ಮಾರಾಟಕ್ಕೆ ಬಂದವು. ಹೊಸ ಪಾತ್ರಗಳನ್ನು ಕೊಂಡವರೂ ಕೊಳ್ಳದವರೂ ಕೂಡಿ ಆಡಲು ಅನುಕೂಲವಾಗಲೆಂದು ಹಾಗೆ ಮಾಡಿದುದಾಗಿ ಸಂಸ್ಥೆಯ ಸಮಾಧಾನ. ಪಾತ್ರಗಳು ಡಿಸ್ಕಿನಲ್ಲಿದ್ದುದಕ್ಕೆ ಇದು ಕಾರಣವಾದೀತು. ಬೀಗಕ್ಕೆ ಬೆಲೆ ಕಟ್ಟಿದುದಕ್ಕೆ ಸಮರ್ಥನೆಯಾಗದು.

ಇದೊಂದರಿಂದ ಎಲ್ಲ ವಿಸ್ತರಣೆಗಳನ್ನೂ ದೂಷಿಸುವುದು ನ್ಯಾಯವಲ್ಲ. ಪೋಲೆಂಡಿನಲ್ಲಿ ರಚಿತವಾದ 'ದಿ ವಿಚರ್ ೩' ೨೦೧೫ರಲ್ಲಿ ಬಂದಿತು; ಹೊಸ ಪ್ರದೇಶವನ್ನೂ ಹೊಸ ಕಥೆಯನ್ನೂ ಒಳಗೊಂಡ 'ಬ್ಲಡ್ ಅಂಡ್ ವೈನ್' ವಿಸ್ತರಣೆ ಬಂದುದು ೨೦೧೬ರಲ್ಲಿ. ಅದಿಲ್ಲದೆಯೂ ಮೂಲಕೃತಿ ಪೂರ್ಣವೇ.

ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಮೊದಲು ಮಾರಿದುದು ತಾನಾಗಿ ಪೂರ್ಣವಾಗಿತ್ತೆ? ಉಳಿಸಿಕೊಂಡುದು ಹಣ ತೆರುವಾಗ ಕೊಳ್ಳುವವನಿಗೆ ತಿಳಿದಿತ್ತೆ? ಎರಡಕ್ಕೂ ಇಲ್ಲವೆಂಬುದೇ ಉತ್ತರವಾದಲ್ಲಿ, ಅದನ್ನು ವಿಸ್ತರಣೆಯೆನ್ನದೆ ವಂಚನೆಯೆಂದೇ ಕರೆಯಬೇಕು.