ಹಳೇಬೀಡಿದೆ, ಹಳೇಬೀಡಿನವರಿಲ್ಲ

ವಿಡಿಯೋ ಗೇಮುಗಳಲ್ಲಿ ಯಾರು ಕಾಣಿಸಿಕೊಳ್ಳಬೇಕು ಎಂಬ ಜಗಳ ಸಾಮಾನ್ಯವಾಗಿ ನಾಯಕನ ಮೈಬಣ್ಣದ ಹತ್ತಿರ ಬಂದು ನಿಂತುಬಿಡುತ್ತದೆ. 2025ರ ಮಾರ್ಚಿನಲ್ಲಿ ‘ಅಸಾಸಿನ್ಸ್ ಕ್ರೀಡ್ ಶಾಡೋಸ್’ ಬಂದಾಗಲೂ ಅದೇ ಆಯಿತು. ಹದಿನಾರನೇ ಶತಮಾನದ ಜಪಾನಿನ ಕಥೆಯಲ್ಲಿ ಆಫ್ರಿಕಾ ಮೂಲದ ಯಾಸುಕೆಗೇನು ಕೆಲಸ ಎಂದು ಜನ ಕಚ್ಚಾಡಿದರು. ಯಾಸುಕೆ ಓಡಾ ನೊಬುನಾಗನ ಸೇವೆಯಲ್ಲಿದ್ದ ನಿಜವಾದ ಮನುಷ್ಯ ಎಂಬುದು ಆ ಗದ್ದಲದಲ್ಲಿ ಅರ್ಧ ಮುಳುಗಿಹೋಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ: 2017ರ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’. ಅದರ ನಿಧಿ ಇರುವುದು ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ನಾಡಿನಲ್ಲಿ. ಗಣೇಶನ ಮುರಿದ ದಂತವನ್ನು ಹುಡುಕಿಕೊಂಡು ಹೊರಡುವವರು ಇಬ್ಬರು ಹೆಂಗಸರು. ಕ್ಲೋಯಿ ಫ್ರೇಜರಳ ತಂದೆ ಭಾರತೀಯ. ನಡೀನ್ ರಾಸ್ ದಕ್ಷಿಣ ಆಫ್ರಿಕಾದ ಕಪ್ಪು ಹೆಣ್ಣು. ಇಷ್ಟು ದೊಡ್ಡ ಬಜೆಟ್ಟಿನ ಆಟದಲ್ಲಿ ಇಂಥ ಜೋಡಿ ಸಿಕ್ಕಿದ್ದಕ್ಕೆ ಹೊಗಳಿಕೆ ಬಂತು. ಇಬ್ಬರಿಗೂ ದನಿ ಕೊಟ್ಟವರು ಬಿಳಿಯ ನಟಿಯರು, ಕ್ಲಾಡಿಯಾ ಬ್ಲ್ಯಾಕ್ ಮತ್ತು ಲಾರಾ ಬೈಲಿ, ಎಂಬ ಆಕ್ಷೇಪವೂ ಬಂತು. ಆಕ್ಷೇಪ ನ್ಯಾಯವಾದದ್ದೇ. ಆದರೆ ಕ್ಲೋಯಿ ತನ್ನ ಅಪ್ಪನ ಬಗ್ಗೆ ಮಾತಾಡುವಾಗ ಆ ದನಿ ನನ್ನನ್ನು ತಟ್ಟಿತು, ಸುಳ್ಳೇಕೆ ಹೇಳಲಿ. ನನ್ನ ತಕರಾರು ಬೇರೆ ಕಡೆ ಇದೆ.

ಆಟದಲ್ಲಿ ಬೇಲೂರು, ಹಳೇಬೀಡು ಎಂಬ ಹೆಸರುಗಳು ಬರುತ್ತವೆ. ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಅಮೆರಿಕದ ಆಟದಲ್ಲಿ ಹಳೇಬೀಡಿನ ಹೆಸರು ಕೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಹುಡುಕುತ್ತಾ ಹೋದರೆ ಹೊಯ್ಸಳರ ಹೆಸರಿನ ಟೋಕನ್ನುಗಳೂ ಸಿಗುತ್ತವೆ. ಆಮೇಲೆ ನೋಡಿದರೆ ಎದುರಿಗೆ ಬೆಟ್ಟದೆತ್ತರದ ವಿಗ್ರಹಗಳು, ಕೊಡಲಿ ಬೀಸುವ ಯಂತ್ರದ ಮೂರ್ತಿಗಳು. ಹೊಯ್ಸಳರ ಕೆಲಸ ಇದಕ್ಕೆ ತದ್ವಿರುದ್ಧ. 1117ರ ಬೇಲೂರಿನ ಗುಡಿಯಲ್ಲಿ ಬಳಪದ ಕಲ್ಲಿನ ಬಳೆ, ಗೆಜ್ಜೆ, ಬಳ್ಳಿಗಳನ್ನು ಕಣ್ಣು ಹತ್ತಿರ ಒಯ್ದು ನೋಡಬೇಕು. ದೂರ ನಿಂತು ಬೆರಗಾಗುವ ಶಿಲ್ಪ ಅದಲ್ಲ. ಘಟ್ಟದ ಕಾಡನ್ನು ಮಾತ್ರ ನಾನು ತಪ್ಪು ಎನ್ನಲಾರೆ. ಹೊಯ್ಸಳರ ಮೂಲವೇ ಮೂಡಿಗೆರೆ ಕಡೆಯ ಅಂಗಡಿ ಎಂಬ ಊರು, ಅಂದಿನ ಸೊಸೆವೂರು.

ನಿಧಿಬೇಟೆಯ ಆಟಕ್ಕೆ ಪುರಾತತ್ವ ಇಲಾಖೆಯ ಮುದ್ರೆ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ವಿಗ್ರಹ ಎಷ್ಟು ಎತ್ತರವಾದರೂ ಇರಲಿ. ನನ್ನನ್ನು ಕಾಡಿದ್ದು ಅಲ್ಲಿ ಊರಿನವರೇ ಇಲ್ಲ ಎಂಬುದು. ಘಟ್ಟ ಹತ್ತಿದ ಮೇಲೆ ಎದುರಾಗುವವರು ಖಳನಾಯಕ ಅಸಾವನ ಬಂದೂಕುಧಾರಿಗಳು. ಒಬ್ಬ ರೈತನಿಲ್ಲ, ಗುಡಿಯ ಪೂಜಾರಿಯಿಲ್ಲ, ದಾರಿ ಹೇಳುವ ಅಜ್ಜಿಯಿಲ್ಲ. ಯಾರೂ ಇಲ್ಲದ ನಾಡಿನ ನಿಧಿ ಸಿಕ್ಕವರದ್ದೇ ತಾನೆ?

ನಾನು ಆಡುವುದನ್ನು ಮೂರು ಸಂಜೆ ಪಕ್ಕದಲ್ಲಿ ಕೂತು ನೋಡಿದ ನಾಗಪುರದ ರೂಮ್‌ಮೇಟು ಕೊನೆಗೆ ಕೇಳಿದ: “ಇವರ ಭಾಷೆ ಯಾವುದು, ಸಂಸ್ಕೃತವಾ?” ತಪ್ಪು ಅವನದ್ದಲ್ಲ. ಬೇರೆ ಉತ್ತರ ಹೊಳೆಯುವಂಥದ್ದೇನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. (ಹೊಯ್ಸಳರ ಜೊತೆ ಕಾದಾಡಿದ ದೇವಗಿರಿಯ ಸೇವುಣರೂ ಕನ್ನಡದಲ್ಲಿ ಶಾಸನ ಬರೆಸಿದ್ದಾರೆ ಎಂದೆ. ಅವನು ನಂಬಲಿಲ್ಲ.) ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದವರು. ದಾಸೋಜ, ಚಾವಣ, ಮಲ್ಲಿತಮ್ಮ, ಎಲ್ಲ ಕನ್ನಡ ಅಕ್ಷರಗಳಲ್ಲಿ. ಆ ಕಲ್ಲಿನಷ್ಟು ಬಾಯಿಬಿಟ್ಟು ಮಾತಾಡುವ ಕಲ್ಲು ಇನ್ನೊಂದಿರಲಿಕ್ಕಿಲ್ಲ. ಅದನ್ನೇ ಆಟ ಮೂಕ ಮಾಡಿದೆ. ಕ್ಲೋಯಿ ‘ಭಾರತೀಯಳು’, ಅಷ್ಟಕ್ಕೇ ಲೆಕ್ಕ ಚುಕ್ತಾ. ಪುಣೆಯಲ್ಲಿ ನಾವೆಲ್ಲ ‘ಸೌತ್ ಇಂಡಿಯನ್’ ಆಗುವ ಹಾಗೆ.

2023ರ ‘ವೆಣ್ಬಾ’ವನ್ನು ಇದರ ಪಕ್ಕ ಇಟ್ಟು ನೋಡಿ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ, ಮಾಡಿದ್ದು ಟೊರಾಂಟೋದ ಪುಟ್ಟ ತಂಡ. ಆಟವೆಂದರೆ ಅಡುಗೆ. ವೆಣ್ಬಾಳಿಗೆ ತನ್ನ ತಾಯಿಯಿಂದ ಬಂದ ಪುಸ್ತಕದಲ್ಲಿ ಅಕ್ಷರ ಮಾಸಿದೆ, ಹಾಳೆ ಹರಿದಿದೆ. ಬಿಟ್ಟುಹೋದದ್ದನ್ನು ಆಡುವವರು ಊಹಿಸಬೇಕು. ಮೊದಲ ಒಗಟೇ ಇಡ್ಲಿ. ಮನೆಯಲ್ಲಿ ಇಡ್ಲಿ ತಟ್ಟೆ ಜೋಡಿಸಿ ಗೊತ್ತಿದ್ದವರಿಗೆ ಅದು ಒಗಟೇ ಅಲ್ಲ. ಮಗ ಕವಿನ್ ದೊಡ್ಡವನಾಗಿ ಅದೇ ಪುಸ್ತಕ ತೆರೆದಾಗ ಅವನಿಗೆ ತಮಿಳು ಸರಿಯಾಗಿ ಓದಲು ಬಾರದು. ಆ ಕೊರತೆಯೇ ಅಲ್ಲಿ ಆಟ. ಮಕ್ಕಳಿಗೆ ಕನ್ನಡ ಓದಲು ಕಲಿಸುವುದನ್ನು ಮುಂದಿನ ಬೇಸಿಗೆ ರಜೆಗೆ ತಳ್ಳುತ್ತಲೇ ಬಂದಿರುವ ನಮ್ಮಂಥವರು ಅಲ್ಲಿ ಸ್ವಲ್ಪ ಹೊತ್ತು ಕೈ ನಿಲ್ಲಿಸಬೇಕಾಗುತ್ತದೆ.

ಇಂಥ ಆಟಗಳಿಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದು: ಆ ನೆಲದವರಿಗೆ ಗೊತ್ತಿರುವುದು ಆಟದಲ್ಲಿ ಎಲ್ಲಾದರೂ ಕೆಲಸಕ್ಕೆ ಬರುತ್ತದೆಯೇ? ‘ವೆಣ್ಬಾ’ದಲ್ಲಿ ತಮಿಳು ಬಲ್ಲವರು ಒಂದು ಹೆಜ್ಜೆ ಮುಂದಿರುತ್ತಾರೆ. ‘ಲಾಸ್ಟ್ ಲೆಗಸಿ’ಯ ಹೊಯ್ಸಳ ನಾಡಿನಲ್ಲಿ ಹಾಸನದ ಹುಡುಗನೂ ಹೆಲ್ಸಿಂಕಿಯ ಹುಡುಗನೂ ಒಂದೇ. ದುಡ್ಡಿನ ಮಾತಂತೂ ಬೇಡ. ಆ ಕೊಡಲಿ ಬೀಸುವ ಮೂರ್ತಿಗಳಿಗೆ ಸುರಿದದ್ದರಲ್ಲಿ ಸಣ್ಣ ಪಾಲು ಸಾಕಿತ್ತು. ಮಲ್ಲಿತಮ್ಮನ ಹೆಸರನ್ನು ಬೆರಳಾಡಿಸಿ ಓದಿದರೆ ತೆರೆದುಕೊಳ್ಳುವ ಒಂದು ಬಾಗಿಲು.