ಗಿರಾಕಿ ಹೇಳಿದ ಕತೆ

ಪಾಲ್ ರ‍್ಯಾಂಡ್ ಹೆಸರು ಬಂದರೆ ಸಾಕು, ನಮ್ಮ ಡಿಸೈನ್ ಕಾರ್ಯಾಗಾರಗಳಲ್ಲಿ ಆ ಹಳೇ ವಿಡಿಯೊ ಹಾಕುತ್ತಾರೆ. 1993ರಲ್ಲಿ ಚಿತ್ರೀಕರಿಸಿದ ಮಾತುಕತೆ. ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ಎಷ್ಟೋ ತಡವಾಗಿ. ತಮ್ಮ ನೆಕ್ಸ್ಟ್ ಕಂಪ್ಯೂಟರ್ ಕಂಪನಿಗೆ ಲೋಗೊ ಬೇಕಾಗಿ ನಾಲ್ಕಾರು ಮಾದರಿ ತೋರಿಸಿ ಎಂದು ಕೇಳಿದ್ದನ್ನೂ, ರ‍್ಯಾಂಡ್ ಸುತರಾಂ ಒಪ್ಪದಿದ್ದುದನ್ನೂ ಸ್ಟೀವ್ ಜಾಬ್ಸ್ ನೆನೆಯುತ್ತಾರೆ. ಸಮಸ್ಯೆ ಬಿಡಿಸುವುದು ನನ್ನ ಕೆಲಸ, ದುಡ್ಡು ಕೊಡುವುದು ನಿಮ್ಮ ಕೆಲಸ. ಬಳಸುವುದು ಬಿಡುವುದು ನಿಮಗೆ ಸೇರಿದ್ದು. ಹತ್ತು ಮಾದರಿ ಬೇಕಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಉತ್ತರದ ಸಾರ ಇಷ್ಟು. ಇಲ್ಲಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ.

ನನ್ನ ತಕರಾರು ಆ ಚಪ್ಪಾಳೆಯ ಮೇಲೆ. ರ‍್ಯಾಂಡ್ ಆ ಚಿತ್ರಿಕೆಯಲ್ಲಿಲ್ಲ. ಐಬಿಎಂ, ಯುಪಿಎಸ್, ಎಬಿಸಿ ಲೋಗೊಗಳನ್ನು ಮಾಡಿದ, 1947ರಲ್ಲೇ ವಿನ್ಯಾಸದ ಬಗ್ಗೆ ಪುಸ್ತಕ ಬರೆದ ಮನುಷ್ಯನನ್ನು ನಾವು ನೆನೆಯುತ್ತಿರುವುದು ಅವನ ಗಿರಾಕಿಯ ಬಾಯಲ್ಲಿ. ಆ ಗಿರಾಕಿಯಾದರೋ ಕತೆ ಹೇಳುವುದರಲ್ಲಿ ಪಳಗಿದವನು. 1993ರ ಫೆಬ್ರವರಿಯಲ್ಲಿ ನೆಕ್ಸ್ಟ್ ಯಂತ್ರ ತಯಾರಿಸುವುದನ್ನೇ ನಿಲ್ಲಿಸಿತ್ತು. ಯಾವ ಘನಾಕೃತಿಯ ಕಂಪ್ಯೂಟರಿಗಾಗಿ ಘನಾಕೃತಿಯ ಲೋಗೊ ಹುಟ್ಟಿತೋ ಆ ಕಂಪ್ಯೂಟರೇ ಇರಲಿಲ್ಲ, ಲೋಗೊ ಮಾತ್ರ ಉಳಿದಿತ್ತು. ಆ ದನಿಯಲ್ಲಿನ ಅಕ್ಕರೆಗೆ ಇದೂ ಒಂದು ಕಾರಣವಿರಬಹುದೆಂಬ ಗುಮಾನಿ ನನ್ನದು.

ಇನ್ನು ಆ ಮಾತನ್ನೇ ನೋಡಿ. ‘ಒಂದೇ ಮಾದರಿ’ ಎಂಬುದನ್ನು ಎಲ್ಲರೂ ಹಿಡಿದುಕೊಂಡಿದ್ದಾರೆ. ‘ಬಳಸುವುದು ಬಿಡುವುದು ನಿಮಗೆ ಸೇರಿದ್ದು’ ಎಂಬ ಭಾಗ ಯಾರ ಕಿವಿಗೂ ಬಿದ್ದಂತಿಲ್ಲ. ಇದು ಮೀಸೆ ತಿರುವುವ ಮಾತಲ್ಲ, ಕರಾರುಪತ್ರದ ಷರತ್ತು. ಇಬ್ಬರ ಹಕ್ಕೂ ಅದರಲ್ಲಿದೆ. ನಾನೂ ಒಂದು ಕಾಲಕ್ಕೆ ಪುಸ್ತಕಗಳಿಗೆ ಮುಖಪುಟ ಮಾಡುತ್ತಿದ್ದೆ. ‘ಮೂರ್ನಾಲ್ಕು ಸ್ಯಾಂಪಲ್ ಕಳಿಸಿ ಸಾರ್’ ಎಂದ ಪ್ರಕಾಶಕರೊಬ್ಬರಿಗೆ, ಈ ವಿಡಿಯೊ ನೋಡಿದ ಹುರುಪಿನಲ್ಲಿ, ಒಂದೇ ಕಳಿಸಿದೆ. ಉತ್ತರವೂ ಬರಲಿಲ್ಲ, ದುಡ್ಡೂ ಬರಲಿಲ್ಲ. ನಾನು ಮರೆತದ್ದು ಪುಸ್ತಿಕೆಯನ್ನು.

ಹೌದು, ಪುಸ್ತಿಕೆ. 1986ರಲ್ಲಿ ಒಂದು ಲಕ್ಷ ಡಾಲರಿಗೆ ರ‍್ಯಾಂಡ್ ಕೊಟ್ಟದ್ದು ಬರೀ ಲೋಗೊವನ್ನಲ್ಲ, ಅದರತ್ತ ಪುಟಪುಟವಾಗಿ ನಡೆಸಿಕೊಂಡು ಹೋಗುವ ಒಂದು ಪುಸ್ತಿಕೆಯನ್ನು. ಮೊದಲು ಕಂಪನಿಯ ಹೆಸರನ್ನು ಬೇರೆಬೇರೆ ಅಚ್ಚಿನ ಅಕ್ಷರಗಳಲ್ಲಿ ಬರೆದು ತೋರಿಸುತ್ತಾರೆ. ನಾಲ್ಕೂ ದೊಡ್ಡಕ್ಷರವಾದರೆ ಬರೀ ನೆಟ್ಟಗಿನ ಗೆರೆಗಳು, ಸಿನಿಮಾ ಮಂದಿರದ ‘ಎಕ್ಸಿಟ್’ ಫಲಕದಂತೆ ಕಂಡೀತು ಎಂಬ ತೊಡಕು. ಹಾಗಾಗಿ ಇಂಗ್ಲಿಷಿನ ‘ಇ’ ಒಂದನ್ನು ಸಣ್ಣಕ್ಷರವಾಗಿಸುತ್ತಾರೆ, ಅದರ ದುಂಡಗಿನ ಮೈ ಉಳಿದ ಮೂರರಿಂದ ಬೇರೆಯಾಗಿ ಎದ್ದು ಕಾಣಲೆಂದು. ಆಮೇಲೆ ಪದವನ್ನು ಎರಡು ಸಾಲಾಗಿ ಒಡೆದು, ಕಪ್ಪು ಘನದ ಮೇಲೆ ಕೂರಿಸಿ, ಇಡೀ ಘನವನ್ನು 28 ಡಿಗ್ರಿ ಓರೆ ಮಾಡುತ್ತಾರೆ. ಆ ‘ಇ’ ಶಿಕ್ಷಣವನ್ನೂ ಐನ್‌ಸ್ಟೈನರ ಸಮೀಕರಣವನ್ನೂ ನೆನಪಿಸುತ್ತದೆ ಎಂಬಲ್ಲಿ ಮಾತ್ರ ಶುದ್ಧ ವಕೀಲಿಕೆ. ಅಕ್ಷರ ಗೆದ್ದಾದ ಮೇಲೆ ಕರೆತಂದ ಸಾಕ್ಷಿಗಳು.

ಗಮನಿಸಿ: ಮಾದರಿ ತೋರಿಸುವುದಿಲ್ಲ ಎಂದವರು ಮಾದರಿಗಳನ್ನೇ ತೋರಿಸುತ್ತಿದ್ದಾರೆ. ಒಂದೊಂದನ್ನೂ ಮುಂದಿಟ್ಟು, ಯಾಕೆ ಒಗ್ಗದು ಎಂದು ಹೇಳಿ ಬದಿಗೆ ಸರಿಸುತ್ತಾರೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಆಯ್ಕೆ ತನ್ನದೇ ಎಂದು ಗಿರಾಕಿಗೂ ಅನ್ನಿಸಿರುತ್ತದೆ. ರ‍್ಯಾಂಡರ ನಿಜವಾದ ಕಸುಬು ಇಲ್ಲಿದೆ, ಗದ್ಯದಲ್ಲಿ. ಲೋಗೊ ಮಾತ್ರ ನೋಡಿದರೆ ಸಾಧಾರಣವೇ. ಐಬಿಎಂನ ಎಂಟು ಪಟ್ಟೆಗಳ ಪಕ್ಕ ಇಟ್ಟರೆ ಸ್ವಲ್ಪ ಗಲಾಟೆಯದೇ.

ಇದನ್ನು ಬಿಟ್ಟು ವಿಮರ್ಶಕರು ಎರಡು ಪಾಳಯವಾಗಿದ್ದಾರೆ. ಕಲಾವಿದನ ಕೆಚ್ಚು ಎನ್ನುತ್ತದೆ ಒಂದು, ಹಳೇ ಯಜಮಾನಿಕೆಯ ಸೊಕ್ಕು ಎನ್ನುತ್ತದೆ ಇನ್ನೊಂದು. ಎರಡನೆಯವರು ಸಾಕ್ಷಿಗೆ 1992ರಲ್ಲಿ ಅವರು ತಾವು ಪಾಠ ಹೇಳುತ್ತಿದ್ದ ಯೇಲ್ ವಿಶ್ವವಿದ್ಯಾಲಯವನ್ನು ಬಿಟ್ಟ ಜಗಳವನ್ನೂ ಎಳೆದು ತರುತ್ತಾರೆ. ಆ ಜಗಳದಲ್ಲಿ ರ‍್ಯಾಂಡ್ ಹಟಮಾರಿಯಾಗಿದ್ದರು, ಒಪ್ಪೋಣ. ಆದರೆ ಹೊಗಳುವವರೂ ತೆಗಳುವವರೂ ನೆಚ್ಚಿಕೊಂಡಿರುವುದು ಜಾಬ್ಸ್ ಹೇಳಿದ ಅದೇ ಒಂದು ಮಾತನ್ನು. ಪುಸ್ತಿಕೆ ತೆರೆದು ಒಂದು ಪುಟದ ಜೊತೆಯಾದರೂ ವಾದ ಮಾಡಿದವರು ನನಗಂತೂ ಸಿಕ್ಕಿಲ್ಲ.

ಹಟದ ಮಾತು ಬಂತಲ್ಲ, ನನ್ನ ವಾದ ಕುಂಟುವ ಜಾಗವನ್ನೂ ಹೇಳಿಬಿಡುತ್ತೇನೆ. ‘ಇ’ ಅಕ್ಷರದ ಹಳದಿ ಇನ್ನಷ್ಟು ಹೊಳೆಯಲಿ ಎಂದು ಜಾಬ್ಸ್ ಕೇಳಿದಾಗ ರ‍್ಯಾಂಡ್ ಮೇಜು ಗುದ್ದಿ, ಐವತ್ತು ವರ್ಷದ ಅನುಭವ ತನ್ನದು ಎಂದರಂತೆ. ವಾಲ್ಟರ್ ಐಸಾಕ್ಸನ್ ಬರೆದ ಜೀವನಚರಿತ್ರೆಯಲ್ಲಿದೆ ಇದು. ಕಪ್ಪಿನ ಮೇಲಿನ ಹಳದಿ ಎಷ್ಟು ಗಾಢವಾಗಿ ಎದ್ದು ಕಾಣುತ್ತದೆ ಎಂಬ ಸಮರ್ಥನೆ ಪುಸ್ತಿಕೆಯಲ್ಲಿ ಆಗಲೇ ಇತ್ತು. ಅದು ಸಾಲದೆ ಹೋದಾಗ ವಯಸ್ಸನ್ನು ಮುಂದೆ ಮಾಡಬೇಕಾಯಿತು.

ಕಾರ್ಯಾಗಾರದವರಿಗೆ ರ‍್ಯಾಂಡರೇ ಬೇಕಿದ್ದರೆ ಇನ್ನೊಂದು ಮಾತುಕತೆ ಇದೆ. 1995ರಲ್ಲಿ, ಸಾಯುವ ಮುಂಚಿನ ವರ್ಷ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೊಂದಿಗೆ ಆಡಿದ್ದು. 2008ರಲ್ಲಿ ಪುಟ್ಟ ಪುಸ್ತಕವಾಗಿ ಅಚ್ಚಾಯಿತು. ಅಲ್ಲಿ ಅವರು ಯಾರ ಸಮಸ್ಯೆಯನ್ನೂ ಬಿಡಿಸಿಕೊಡುವುದಿಲ್ಲ. ವಿನ್ಯಾಸ ಎಂದರೇನು, ಮೊದಲು ಅದನ್ನು ಹೇಳಿ ಎಂದು ಎದುರಿಗೆ ಕೂತವರನ್ನೇ ಕೇಳುತ್ತಾರೆ.