ನೀರಿನ ಮೇಲಿನ ಹೆಜ್ಜೆ

‘ದೇವರು ನೋಡಿಕೊಳ್ಳುತ್ತಾನೆ’ ಎಂಬ ಮಾತನ್ನು ನಾವು ಬೇರೆಯವರ ಕಷ್ಟಕ್ಕೆ ಸುಲಭವಾಗಿ ಹೇಳಿಬಿಡುತ್ತೇವೆ. ಅದನ್ನೇ ನಮ್ಮ ಕಷ್ಟಕ್ಕೆ ಹೇಳಿಕೊಳ್ಳುವುದು ಎಷ್ಟು ಕಠಿಣ ಎಂಬುದಕ್ಕೆ ಇಂಗ್ಲಿಷ್ ಕವಿ ವಿಲಿಯಂ ಕೂಪರನ (1731-1800) ಎರಡು ಕವಿತೆಗಳು ಸಾಕ್ಷಿ.

ಮೊದಲನೆಯದು ದೇವರ ನಿಗೂಢ ನಡೆಯನ್ನು ಕುರಿತ ಸ್ತೋತ್ರಗೀತೆ. 1774ರಲ್ಲಿ ಅಚ್ಚಾಗಿ, ಮುಂದೆ ಪಾದ್ರಿ ಜಾನ್ ನ್ಯೂಟನ್ ಜೊತೆ ಸೇರಿ ತಂದ ‘ಆಲ್ನಿ ಹಿಮ್ಸ್’ (1779) ಸಂಕಲನದಲ್ಲಿ ಸೇರಿತು. ಕ್ರೈಸ್ತ ಸಭೆಗಳು ಇಂದಿಗೂ ಅದನ್ನು ಹಾಡುತ್ತವೆ. ಅಲ್ಲಿ ದೇವರು ಕಡಲಿನಲ್ಲಿ ಹೆಜ್ಜೆಯಿಡುತ್ತಾನೆ. ಬೈಬಲಿನ 77ನೆಯ ಕೀರ್ತನೆಯನ್ನು ನೆನಪಿಸುವ ಈ ಚಿತ್ರವನ್ನು ಗಮನಿಸಿ: ನೀರಿನ ಮೇಲಿನ ಹೆಜ್ಜೆಗೆ ಗುರುತು ಉಳಿಯುವುದಿಲ್ಲ. ದೇವರು ಹಾದುಹೋದದ್ದಕ್ಕೆ ಪುರಾವೆ ಸಿಗದು ಎಂಬುದನ್ನು ಒಪ್ಪಿಕೊಂಡೇ ಈ ಗೀತೆ ನಂಬಿಕೆಯ ಮಾತಾಡುತ್ತದೆ.

ಆದರೆ 1773ರಲ್ಲೇ ಕೂಪರನ ಮನಸ್ಸು ಕುಸಿದಿತ್ತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆಂಬ ಭಾವನೆ ಕೊನೆಯವರೆಗೂ ಅವನನ್ನು ಕಾಡಿತು. 1799ರಲ್ಲಿ ಬರೆದ ‘ದಿ ಕಾಸ್ಟವೇ’ ಕವಿತೆಯಲ್ಲಿ ಒಬ್ಬ ನಾವಿಕ ಹಡಗಿನಿಂದ ಕಡಲಿಗೆ ಬೀಳುತ್ತಾನೆ. ಜೊತೆಗಾರರು ಹಗ್ಗ, ಪೀಪಾಯಿ ಎಸೆಯುತ್ತಾರೆ. ಬಿರುಗಾಳಿಯಲ್ಲಿ ಹಡಗು ನಿಲ್ಲದು. ಹಳೆಯ ಗೀತೆಯ ಕಡಲು ಇಲ್ಲಿಯೂ ಇದೆ, ಅದರಲ್ಲಿ ನಡೆಯುವವನು ಮಾತ್ರ ಇಲ್ಲ.

ಹಾಗಾದರೆ ಮೊದಲನೆಯದು ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಸ್ತೋತ್ರಗೀತೆಯಲ್ಲಿ ಎಲ್ಲಿಯೂ ‘ನಾನು’ ಇಲ್ಲ. ಅದು ಹೆದರಿದ ಭಕ್ತರನ್ನು ಉದ್ದೇಶಿಸಿ ಆಡಿದ ಮಾತು. ಕವಿ ತನಗೆ ಸಮಾಧಾನ ಸಿಕ್ಕಿದೆ ಎಂದು ಹೇಳಿಕೊಂಡೇ ಇಲ್ಲ. ‘ನಾನು’ ಕಾಣಿಸಿಕೊಳ್ಳುವುದು ಎರಡನೆಯ ಕವಿತೆಯ ಮೊದಲಲ್ಲಿ ಮತ್ತು ಕೊನೆಯಲ್ಲಿ, ಮುಳುಗುವವನ ಜೊತೆಗೆ. ದೇವರ ಮನಸ್ಸನ್ನು ನಮ್ಮ ಬುದ್ಧಿಯಿಂದ ಅಳೆಯಬೇಡಿ ಎಂದಿದ್ದ ಕವಿ, ತನ್ನ ವಿಷಯದಲ್ಲಿ ದೇವರ ತೀರ್ಪು ತನಗೆ ಗೊತ್ತೆಂದೇ ನಂಬಿದ. ಅವನ ಗೀತೆಯ ಎಚ್ಚರಿಕೆ ಅವನಿಗೇ ತಲುಪಲಿಲ್ಲ.

ಇದನ್ನು ಅವನ ನಂಬಿಕೆಯ ಸೋಲು ಎಂದು ದಡದಲ್ಲಿ ನಿಂತು ಹೇಳುವುದು ಸರಿಯಲ್ಲ, ಅದು ಕಾಯಿಲೆ. ಆ ವರ್ಷಗಳಲ್ಲಿ ಮೇರಿ ಅನ್ವಿನ್ ಎಂಬಾಕೆ, ತಾನೇ ಹಾಸಿಗೆ ಹಿಡಿಯುವವರೆಗೂ, ಅವನನ್ನು ನೋಡಿಕೊಂಡಳು. 1796ರಲ್ಲಿ ಆಕೆ ತೀರಿಕೊಂಡಳು. ದೇವರ ಪಾಲನೆ ಎಂಬುದಿದ್ದರೆ ಅದು ಅವನ ಮನೆಯೊಳಗೇ ಓಡಾಡುತ್ತಿತ್ತೇನೋ. ಅವನಿಗೆ ಅದರ ಹೆಜ್ಜೆ ಕಾಣಲಿಲ್ಲ. ಈ ಎರಡು ಕವಿತೆಗಳನ್ನು ಒಟ್ಟಿಗೆ ಓದಿದ ಮೇಲೆ, ಕಷ್ಟದಲ್ಲಿರುವವರ ಮುಂದೆ ‘ದೇವರು ನೋಡಿಕೊಳ್ಳುತ್ತಾನೆ’ ಎನ್ನುವ ಮೊದಲು ನಮ್ಮ ಕೈಯಲ್ಲಿ ಹಗ್ಗವಿದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.